ಉಗ್ರಾಣದ ನಂಜಿಗೆ ಹೊಣೆ ಯಾರು?

ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಇತಿಹಾಸವೆಂದರೆ ಕದಂಬರ, ಚಾಲುಕ್ಯರ, ವಿಜಯನಗರದ ಅರಸರ ಕಥೆಯೆಂದು ವಾಚಕರು ನಿರೀಕ್ಷಿಸುವುದು ಸಹಜ. ಅವನ್ನು ಬರೆಯತಕ್ಕ ವಿದ್ವಾಂಸರು ನಮ್ಮ ಸಂಘದಲ್ಲಿ ಇದ್ದಾರೆ. ಬ್ಯಾಂಕಿನ ಗುಮಾಸ್ತನಾದ ನಾನು ಹೇಳಹೊರಟಿರುವುದು ಅರಸರ ಇತಿಹಾಸವಲ್ಲ. ಒಂದು ಪ್ರಶ್ನೆಯ ಇತಿಹಾಸ. ಒಬ್ಬನು ತನ್ನ ಲಾಭಕ್ಕಾಗಿ ತನ್ನ ಜಾಗದಲ್ಲಿ ಅಪಾಯಕರವಾದ ವಸ್ತುವನ್ನು ಕೂಡಿಡುತ್ತಾನೆ. ಅದು ಒಂದು ದಿನ ಸಿಡಿಯುತ್ತದೆ, ಇಲ್ಲವೆ ಸೋರುತ್ತದೆ, ಇಲ್ಲವೆ ನೆಲಕ್ಕಿಳಿದು ಬಾವಿಯ ನೀರನ್ನು ಕೆಡಿಸುತ್ತದೆ. ಸಾಯುವವನು, ನೋಯುವವನು ನೆರೆಯವನು. ಆ ಹಾನಿಗೆ ಹೊಣೆ ಯಾರು?

ಈ ಪ್ರಶ್ನೆ ವಕೀಲರಿಗೆ ಮಾತ್ರ ಸೇರಿದ್ದೆಂದು ತಳ್ಳಿಹಾಕುವಂತಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು ಮನೆ ಹಿಡಿಯುವಾಗ ಮೊದಲು ಕೇಳುವುದು ಬಾಡಿಗೆಯನ್ನು. ಬಾಡಿಗೆ ಅಗ್ಗವಾಗಿರುವ ಕಡೆ ಅನೇಕ ವೇಳೆ ಕಾರಖಾನೆಯ ಗೋಡೆ ಇರುತ್ತದೆ, ಬಂದರಿನ ಗುದಾಮು ಇರುತ್ತದೆ, ಎಣ್ಣೆಯ ಟಾಂಕಿ ಇರುತ್ತದೆ. ಗೋಡೆಯ ಆಚೆ ಏನಿದೆಯೆಂದು ನಾವು ಕೇಳುವುದಿಲ್ಲ. ಕೇಳಿದರೂ ಹೇಳುವವರು ಕಡಮೆ. ಆದುದರಿಂದ ಈ ಪ್ರಶ್ನೆ ನಮ್ಮ ಮನೆಯ ಪ್ರಶ್ನೆಯೇ ಸರಿ.

ನಮ್ಮ ಈ ಮುಂಬಯಿಯಲ್ಲೇ ನಡೆದ ಒಂದು ಘಟನೆಯಿಂದ ಮೊದಲು ಮಾಡೋಣ. 1944ನೆಯ ಇಸವಿ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ನಿಂತಿತ್ತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕಗಳಿದ್ದುವು. ಅಷ್ಟು ಸಾಲದೆಂಬಂತೆ ಕರಾಚಿಯಲ್ಲಿ ಅದೇ ಹಡಗಿಗೆ 8,700 ಹತ್ತಿಯ ಮೂಟೆಗಳನ್ನೂ, ಎಣ್ಣೆಯ ಪೀಪಾಯಿಗಳನ್ನೂ, ಮರವನ್ನೂ ತುಂಬಿದ್ದರು. ಹತ್ತಿಯೂ ಮದ್ದುಗುಂಡೂ ಒಂದೇ ಒಡಲಿನಲ್ಲಿ! ಬೆಂಕಿಯನ್ನೂ ಬೆಣ್ಣೆಯನ್ನೂ ಒಟ್ಟಿಗೆ ಇಡಬಾರದೆಂಬುದು ನಮ್ಮ ಅಜ್ಜಿಯರಿಗೂ ತಿಳಿದ ಮಾತು. ಯುದ್ಧಕಾಲದ ಆತುರದಲ್ಲಿ ಅದನ್ನು ಯಾರೂ ನೆನೆಯಲಿಲ್ಲ. ಮಧ್ಯಾಹ್ನ ಹೊಗೆ ಕಾಣಿಸಿತು. ಸಂಜೆ ನಾಲ್ಕು ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೊಮ್ಮೆ, ಮೊದಲಿಗಿಂತ ಭಯಂಕರವಾಗಿ, ಸಿಡಿಯಿತು. ಸುತ್ತಲಿನ ಹಡಗುಗಳೂ ಗುದಾಮುಗಳೂ ಜನವಸತಿಯೂ ಉರಿದು ಹೋದುವು. ಸತ್ತವರು 800ಕ್ಕೂ ಹೆಚ್ಚು ಮಂದಿ. ಬೆಂಕಿ ನಂದಿಸಲು ಹೋದ ಅಗ್ನಿಶಾಮಕ ದಳದ 66 ಮಂದಿ ಪ್ರಾಣ ತೆತ್ತರು. ಇಂದಿಗೂ ಏಪ್ರಿಲ್ 14ರಂದು ದೇಶವೆಲ್ಲ ಅಗ್ನಿಶಾಮಕ ಸೇವಾ ದಿನವನ್ನು ಆಚರಿಸುವುದು ಅವರ ಸ್ಮರಣೆಗಾಗಿ.

ಆಗ ಪರಿಹಾರ ಕೊಟ್ಟವರು ಯಾರು? ಸರಕಾರವು ಅದೇ ವರ್ಷ ಸುಗ್ರೀವಾಜ್ಞೆಯೊಂದನ್ನು ಹೊರಡಿಸಿ ಪರಿಹಾರದ ಏರ್ಪಾಡು ಮಾಡಿತು. ಅದು ಯುದ್ಧದ ಕಾಲ, ಪರಕೀಯರ ಆಳಿಕೆಯ ಕಾಲ. ಪರಿಹಾರವೆಂಬುದು ದೊರೆಯ ಅಪ್ಪಣೆಯಿಂದ ಬಂದಿತೇ ಹೊರತು, ಅಪಾಯವನ್ನು ತಂದಿಟ್ಟವನೇ ತೆರಬೇಕೆಂಬ ಸ್ಥಿರವಾದ ನಿಯಮದಿಂದ ಬರಲಿಲ್ಲ. ದೊರೆ ದಯೆ ತೋರಿದರೆ ಉಂಟು, ತೋರದಿದ್ದರೆ ಇಲ್ಲ. ನಿಯಮಕ್ಕೂ ದಯೆಗೂ ಇರುವ ಅಂತರವನ್ನು ವಾಚಕರು ಇಲ್ಲಿಯೇ ಗುರುತಿಸಿಕೊಳ್ಳಬೇಕು. ಏಕೆಂದರೆ ಮುಂದಿನ ಕಥೆಯೆಲ್ಲ ಈ ಅಂತರದ ಕಥೆ.

ನಿಯಮದ ಬೇರು ಇನ್ನೂ ಹಿಂದಕ್ಕೆ, ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತಕ್ಕೆ ಹೋಗುತ್ತದೆ. ಅಲ್ಲಿ ಜಾನ್ ರೈಲೆಂಡ್ಸ್ ಎಂಬ ಹತ್ತಿ ಗಿರಣಿಯ ಧನಿಕನು ತನ್ನ ಗಿರಣಿಗೆ ನೀರಿಗಾಗಿ ಒಂದು ಕೆರೆಯನ್ನು ಕಟ್ಟಿಸಿದನು. ಕಟ್ಟಿದವರು ಗುತ್ತಿಗೆದಾರರು. ಕೆರೆಯ ತಳದಲ್ಲಿ ಹಳೆಯ ಗಣಿಯ ಮುಚ್ಚಿದ ಬಾವಿಗಳಿದ್ದುವು. ಅವರು ಅವನ್ನು ಭದ್ರಪಡಿಸಲಿಲ್ಲ. 1860ರ ಡಿಸೆಂಬರಿನಲ್ಲಿ ನೀರು ಆ ಬಾವಿಗಳನ್ನು ಒಡೆದುಕೊಂಡು ನೆರೆಯ ಥಾಮಸ್ ಫ್ಲೆಚರನ ಕಲ್ಲಿದ್ದಲ ಗಣಿಗೆ ನುಗ್ಗಿತು. ಫ್ಲೆಚರನು ದಾವೆ ಹೂಡಿದನು. ರೈಲೆಂಡ್ಸನ ತಪ್ಪೇನೂ ಇರಲಿಲ್ಲ. ಕೆಳಗೆ ಬಾವಿಗಳಿರುವುದೇ ಅವನಿಗೆ ತಿಳಿದಿರಲಿಲ್ಲ. ಹೀಗಿದ್ದರೂ 1866ರಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ಅವರು ರೈಲೆಂಡ್ಸನೇ ಹೊಣೆಯೆಂದು ತೀರ್ಪಿತ್ತರು. ತನ್ನ ಪ್ರಯೋಜನಕ್ಕಾಗಿ, ಹೊರಬಿದ್ದರೆ ಕೇಡು ಮಾಡಬಲ್ಲ ವಸ್ತುವನ್ನು ತನ್ನ ನೆಲದಲ್ಲಿ ತಂದಿಟ್ಟವನು ಅದನ್ನು ತನ್ನ ಹೊಣೆಯ ಮೇಲೆಯೇ ಕಾಯಬೇಕು ಎಂಬುದು ಆ ತೀರ್ಪಿನ ತಿರುಳು. 1868ರಲ್ಲಿ ಪ್ರಭುಸಭೆಯೂ ಅದನ್ನು ಎತ್ತಿಹಿಡಿಯಿತು. ಬ್ಲ್ಯಾಕ್‌ಬರ್ನ್ ಅವರು ಕೊಟ್ಟ ಉದಾಹರಣೆಗಳಲ್ಲಿ ನೆರೆಯವನ ಪೈರು ಮೇಯುವ ದನವೂ ಇದೆ, ಕ್ಷಾರದ ಕಾರಖಾನೆಯಿಂದ ಹೊರಡುವ ಕೆಟ್ಟ ಹೊಗೆಯೂ ಇದೆ. ದನದ ಒಡೆಯನಿಗೂ ಕಾರಖಾನೆಯ ಒಡೆಯನಿಗೂ ಒಂದೇ ನ್ಯಾಯ. ಕಂಡವರ ಹೊಲಕ್ಕೆ ನುಗ್ಗಿದ ಎಮ್ಮೆಯನ್ನು ದೊಡ್ಡಿಗೆ ಹಾಕುವ ನಮ್ಮ ಹಳ್ಳಿಯ ಗೌಡರು ಇಂಗ್ಲೆಂಡಿನ ಈ ಪಂಡಿತರ ಮಾತನ್ನು ಕೇಳಿದ್ದರೆ ಹೊಸದೇನೂ ಕಾಣುತ್ತಿರಲಿಲ್ಲ.

ಆದರೆ ಬೇಲಿ ಕಟ್ಟಿದವರೇ ಅಲ್ಲಲ್ಲಿ ಕಂಡಿ ಬಿಟ್ಟರು. ದೈವಕೃತವಾದ ಉತ್ಪಾತವಾದರೆ ಹೊಣೆಯಿಲ್ಲ. ಮೂರನೆಯವನು ಬಂದು ಕೆಡಿಸಿದರೆ ಹೊಣೆಯಿಲ್ಲ. ಶಾಸನದ ಅಪ್ಪಣೆಯಿದ್ದರೆ ಹೊಣೆಯಿಲ್ಲ. ನೆಲವನ್ನು ಅಸಹಜವಾಗಿ ಬಳಸಿದ್ದರೆ ಮಾತ್ರ ಹೊಣೆ. ಹೀಗೆ ಅಪವಾದಗಳು ಸಾಲುಸಾಲಾಗಿ ಸೇರಿದುವು. ಸಾಮಾನ್ಯ ವಾದಿಗೆ ಬೇಲಿಗಿಂತ ಕಂಡಿಗಳೇ ಹೆಚ್ಚಾದುವು. ಇದೇ ನಿಯಮ, ಇದೇ ಅಪವಾದಗಳೊಡನೆ, ನಮ್ಮ ನ್ಯಾಯಾಲಯಗಳಿಗೂ ಬಂದಿತು. ಒಂದು ನೂರು ವರ್ಷಕ್ಕೂ ಮೇಲೆ ಹಾಗೆಯೇ ನಡೆಯಿತು.

ಬಳಿಕ ಭೋಪಾಳ. 1984ರ ಡಿಸೆಂಬರ್ 2ರ ರಾತ್ರಿ ಕಳೆದು 3ರ ಬೆಳಗಾಗುವುದರೊಳಗೆ ಆ ಊರಿನ ಹೆಸರು ಜಗತ್ತಿಗೆಲ್ಲ ತಿಳಿಯಿತು. ಯೂನಿಯನ್ ಕಾರ್ಬೈಡ್ ಕಾರಖಾನೆಯ ನೆಲದೊಳಗಿನ ಒಂದು ಟಾಂಕಿಯಲ್ಲಿ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಎಂಬ ದ್ರವವನ್ನು ಕೂಡಿಟ್ಟಿದ್ದರು. ಅದನ್ನು ತಣ್ಣಗಿಡಬೇಕು, ನೀರು ಸೋಕಗೊಡಬಾರದು. ತಣ್ಣಗಿಡುವ ಯಂತ್ರವನ್ನು ನಿಲ್ಲಿಸಿದ್ದರು. ಸೋರಿದ ಅನಿಲವನ್ನು ತೊಳೆಯುವ ಉಪಕರಣವೂ, ಅದನ್ನು ಸುಡುವ ಗೋಪುರವೂ ಸಮಯಕ್ಕೆ ಒದಗಲಿಲ್ಲ. ಟಾಂಕಿಗೆ ನೀರು ಸೇರಿತು. ದ್ರವ ಕುದಿದು ಅನಿಲವಾಗಿ ಮಲಗಿದ್ದ ಊರ ಮೇಲೆ ಹರಡಿತು. ಕೂಡಲೇ ಸತ್ತವರೆಂದು ಸರಕಾರವು ಮೊದಲು ಲೆಕ್ಕ ಹಾಕಿದ್ದು 2,259 ಮಂದಿಯನ್ನು; ಮುಂದೆ ಪರಿಹಾರದ ಲೆಕ್ಕದಲ್ಲಿ ಸಾವಿನ ಸಂಖ್ಯೆ 5,295ಕ್ಕೆ ಏರಿತು. ಕಣ್ಣು ಶ್ವಾಸಕೋಶಗಳನ್ನು ಕೆಡಿಸಿಕೊಂಡು ಬದುಕಿದವರು ಲಕ್ಷಗಟ್ಟಲೆ. ಅವರಲ್ಲಿ ಬಹುಮಂದಿ ಕಾರಖಾನೆಯ ಸುತ್ತಲಿನ ಗುಡಿಸಲುಗಳ ಬಡವರು, ದುಡಿಮೆಗೆಂದು ಬಂದು ನೆಲಸಿದವರು.

1985ರಲ್ಲಿ ಭಾರತ ಸರಕಾರವು ಶಾಸನ ಮಾಡಿ, ಎಲ್ಲ ಸಂತ್ರಸ್ತರ ಪರವಾಗಿ ತಾನೇ ವಾದಿಯಾಗಿ ನಿಂತಿತು. ಮೊದಲು ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿತು. 1986ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕೀನನ್ ಅವರು, ಇದು ಭಾರತದಲ್ಲೇ ವಿಚಾರಣೆಯಾಗತಕ್ಕ ವಿಷಯವೆಂದು ಹಿಂದಕ್ಕೆ ಕಳುಹಿಸಿದರು. ಆಗ ಎದ್ದುನಿಂತ ಪ್ರಶ್ನೆ ಇದು: ಭಾರತದ ಕಾನೂನಿನಲ್ಲಿ ಇಂಥ ಹೊಣೆಯನ್ನು ಹೊರಿಸಲು ತಕ್ಕ ಬಲವುಂಟೇ?

ಉತ್ತರ ದಿಲ್ಲಿಯಿಂದ ಬಂದಿತು. ಭೋಪಾಳದ ಮೊದಲ ವರ್ಷ ತುಂಬಿದ ಮರುದಿನವೇ, 1985ರ ಡಿಸೆಂಬರ್ 4ರಂದು, ದಿಲ್ಲಿಯ ಶ್ರೀರಾಮ್ ಕಾರಖಾನೆಯಲ್ಲಿ ಓಲಿಯಮ್ ಎಂಬ ಪ್ರಬಲವಾದ ಗಂಧಕಾಮ್ಲವನ್ನಿಟ್ಟಿದ್ದ ಟಾಂಕಿ, ತಾನು ನಿಂತಿದ್ದ ಕಟ್ಟೋಣವು ಕುಸಿದುದರಿಂದ ಬಿದ್ದು ಒಡೆಯಿತು. ವಿಷದ ಹೊಗೆ ಹಬ್ಬಿತು. ತೀಸ್ ಹಜಾರಿ ನ್ಯಾಯಾಲಯದ ವಕೀಲರೊಬ್ಬರು ಇದರಿಂದ ಸತ್ತರೆಂದು ನ್ಯಾಯಾಲಯದಲ್ಲಿ ಹೇಳಲಾಯಿತು. ಆ ಕಾರಖಾನೆಯ ವಿಷಯವಾಗಿ ವಕೀಲ ಎಂ. ಸಿ. ಮೆಹತಾ ಅವರು ಮೊದಲೇ ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಹಾಕಿದ್ದರು. 1986ರ ಡಿಸೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠವು ಹೊಸ ನಿಯಮವನ್ನೇ ಸಾರಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ನಿಯಮ ಇಂದಿನ ಕೈಗಾರಿಕೆಗೆ ಸಾಲದು; ಅಪಾಯಕರವಾದ ಉದ್ಯಮವನ್ನು ಲಾಭಕ್ಕಾಗಿ ನಡೆಸುವವನು ಅದರಿಂದಾದ ಹಾನಿಗೆ ಯಾವ ಅಪವಾದವೂ ಇಲ್ಲದೆ ಹೊಣೆ; ತಾನು ಎಚ್ಚರ ತಪ್ಪಲಿಲ್ಲವೆಂದು ಹೇಳಿ ಪಾರಾಗುವಂತಿಲ್ಲ; ಹೊಣೆಯನ್ನು ಇನ್ನೊಬ್ಬನ ಮೇಲೆ ಹೊರಿಸುವಂತೆಯೂ ಇಲ್ಲ. ಉದ್ಯಮ ದೊಡ್ಡದಾದಷ್ಟೂ, ಅದರ ಶಕ್ತಿ ಹೆಚ್ಚಾದಷ್ಟೂ, ತೆರಬೇಕಾದ ಪರಿಹಾರವೂ ದೊಡ್ಡದು. ಬೇಲಿಯ ಕಂಡಿಗಳನ್ನೆಲ್ಲ ಒಂದೇ ತೀರ್ಪಿನಲ್ಲಿ ಮುಚ್ಚಿದಂತಾಯಿತು.

ಕನ್ನಡಿಗರು ತಿಳಿಯಬೇಕಾದ ಸಂಗತಿಯೊಂದು ಇಲ್ಲಿ ಸೇರುತ್ತದೆ. 1989ರ ಫೆಬ್ರವರಿಯಲ್ಲಿ ಭೋಪಾಳದ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯವು 47 ಕೋಟಿ ಡಾಲರುಗಳ ರಾಜಿಯಿಂದ ಮುಗಿಸಿತು. ಆ ಐವರ ಪೀಠದಲ್ಲಿ ಇಬ್ಬರು ನಮ್ಮವರು: ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು ಮತ್ತು ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು. ಇಬ್ಬರೂ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ರಾಜಿಯ ಮೊತ್ತ ತೀರ ಕಡಮೆಯಾಯಿತೆಂದೂ, ಕ್ರಿಮಿನಲ್ ಖಟ್ಲೆಗಳನ್ನೂ ಅದರೊಡನೆ ರದ್ದುಮಾಡಿದ್ದು ಅನ್ಯಾಯವೆಂದೂ ದೇಶದಲ್ಲೆಲ್ಲ ಕೂಗೆದ್ದಿತು. ಆ ಕೂಗು ಆಧಾರವಿಲ್ಲದ್ದೆಂದು ಹೇಳಲಾಗದು. 1991ರ ಅಕ್ಟೋಬರ್ 3ರಂದು ಪುನರ್ವಿಮರ್ಶೆಯ ತೀರ್ಪನ್ನು ಬರೆದವರು ವೆಂಕಟಾಚಲಯ್ಯನವರೇ. ರಾಜಿಯನ್ನು ಉಳಿಸಿಕೊಂಡರು, ಆದರೆ ಖಟ್ಲೆಗಳನ್ನು ರದ್ದುಮಾಡಿದ ಭಾಗವನ್ನು ತೆಗೆದುಹಾಕಿದರು. ಹಣ ಸಾಲದೆ ಹೋದರೆ ಕೊರತೆಯನ್ನು ಭಾರತ ಸರಕಾರವೇ ತುಂಬತಕ್ಕದ್ದೆಂದರು. ಮುಂದೆ ರೋಗ ಕಾಣಿಸಿಕೊಳ್ಳಬಹುದಾದವರಿಗಾಗಿ ವಿಮೆ ಮಾಡಿಸತಕ್ಕದ್ದೆಂದೂ ವಿಧಿಸಿದರು. ಹೆಸರಾಂತ ನಮ್ಮವರು ಕುಳಿತ ಪೀಠವೆಂದು ಹೆಮ್ಮೆಪಡುವಾಗ, ಆ ತೀರ್ಪಿನಿಂದ ಸಂತ್ರಸ್ತರಿಗೆ ಎಷ್ಟು ತಲುಪಿತೆಂಬುದನ್ನೂ ಕೇಳುವುದು ನಮ್ಮ ಕರ್ತವ್ಯ. 2010ರ ಜೂನ್‌ನಲ್ಲಿ ಭೋಪಾಳದ ನ್ಯಾಯಾಲಯವು ಕಂಪನಿಯ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷಗಳ ಸೆರೆವಾಸ ವಿಧಿಸಿತು. ಘಟನೆ ನಡೆದು ಆಗಲೇ 25 ವರ್ಷ ಕಳೆದಿತ್ತು. ಹೆಚ್ಚಿನ ಪರಿಹಾರ ಕೇಳಿ ಸರಕಾರ ಹಾಕಿದ್ದ ಅರ್ಜಿಯನ್ನು 2023ರ ಮಾರ್ಚ್ 14ರಂದು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಆಗ ಹೊರಬಿದ್ದ ಸಂಗತಿಯೇನೆಂದರೆ, 1991ರಲ್ಲಿ ವಿಧಿಸಿದ್ದ ವಿಮೆಯನ್ನು ಸರಕಾರವು ಮಾಡಿಸಿಯೇ ಇರಲಿಲ್ಲ! ಇದನ್ನು ನ್ಯಾಯಾಲಯವು ಘೋರವಾದ ಅಲಕ್ಷ್ಯವೆಂದು ಕರೆಯಿತು.

ವಿಮೆಯ ಮಾತು ಬಂದುದರಿಂದ ನನ್ನ ಕಸುಬಿಗೆ ಸಂಬಂಧಿಸಿದ ಎರಡು ಮಾತು ಹೇಳಲು ಅಪ್ಪಣೆಯಾಗಲಿ. ಗುದಾಮಿನ ಸರಕಿನ ಮೇಲೆ ಬ್ಯಾಂಕು ಸಾಲ ಕೊಡುವಾಗ ಸರಕನ್ನು ನೋಡಿ ಬರುತ್ತದೆ, ಬೆಂಕಿಯ ವಿಮೆ ಉಂಟೇ ಎಂದು ಕೇಳುತ್ತದೆ, ವಿಮೆಯ ಪತ್ರದಲ್ಲಿ ತನ್ನ ಹೆಸರನ್ನೂ ಸೇರಿಸಿಕೊಳ್ಳುತ್ತದೆ. ಗುದಾಮು ಉರಿದರೆ ಸರಕಿನ ಒಡೆಯನಿಗೆ ಹಣ ಬರುತ್ತದೆ, ಬ್ಯಾಂಕಿನ ಸಾಲ ತೀರುತ್ತದೆ. ಗೋಡೆಯ ಈಚೆ ಮಲಗಿದ್ದವನಿಗೆ? ಅವನ ಹೆಸರು ಆ ಪತ್ರದಲ್ಲಿ ಎಲ್ಲಿಯೂ ಇಲ್ಲ. ಸರಕಿಗೆ ವಿಮೆಯುಂಟು, ನೆರೆಯವನಿಗೆ ಇಲ್ಲ. ಬಹುಕಾಲ ನಮ್ಮ ವ್ಯವಹಾರ ಹೀಗೆಯೇ ನಡೆಯಿತು.

ಈ ಕೊರತೆಯನ್ನು ನೀಗಲೆಂದು ಬಂದದ್ದು 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಶಾಸನ. ಅಪಾಯಕರವಾದ ವಸ್ತುವನ್ನು ಗೊತ್ತಾದ ಪ್ರಮಾಣಕ್ಕೆ ಮೀರಿ ಇಟ್ಟುಕೊಳ್ಳುವ ಒಡೆಯನು ನೆರೆಯವರಿಗಾಗಿ ವಿಮೆ ಮಾಡಿಸಲೇಬೇಕು. ಕಂತಿನಷ್ಟೇ ಹಣವನ್ನು ಪರಿಹಾರ ನಿಧಿಯೊಂದಕ್ಕೂ ಕಟ್ಟಬೇಕು. ಅಪಘಾತವಾದರೆ ಯಾರ ತಪ್ಪೆಂದು ಸಾಧಿಸುವ ತೊಂದರೆಯಿಲ್ಲದೆ ಜಿಲ್ಲೆಯ ಕಲೆಕ್ಟರಿಂದ ತತ್ಕಾಲದ ಪರಿಹಾರ ಪಡೆಯಬಹುದು. ನಿಯಮ ಒಳ್ಳೆಯದೇ. ಆದರೆ 1991ರಲ್ಲಿ ಅದು ಒಂದು ಜೀವಕ್ಕೆ ಕಟ್ಟಿದ ಬೆಲೆ 25,000 ರೂಪಾಯಿ; ಆಸ್ತಿಯ ಹಾನಿಗೆ ಹೆಚ್ಚೆಂದರೆ 6,000. ಪರಿಹಾರ ನಿಧಿಯನ್ನು ನಡೆಸುವ ಯೋಜನೆ ಹೊರಬಿದ್ದದ್ದು 2008ರಲ್ಲಿ, ಶಾಸನವಾಗಿ 17 ವರ್ಷಗಳ ಮೇಲೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯುಂಟಷ್ಟೆ. ಇಲ್ಲಿ ಬಾಗಿಲು ಮಾಡಿದ ಮೇಲೆ ಅಗುಳಿ ಹುಡುಕಲು 17 ವರ್ಷ ಹಿಡಿಯಿತು.

ನ್ಯಾಯಾಲಯ ಸಾರಿದ ನಿಯಮಕ್ಕೂ ಸಂದೇಹ ತಪ್ಪಲಿಲ್ಲ. ದಿಲ್ಲಿಯ ತೀರ್ಪಿನಲ್ಲಿ ಪರಿಹಾರದ ಹಣವನ್ನು ನೇರವಾಗಿ ಕೊಡಿಸಿರಲಿಲ್ಲ. ಆದುದರಿಂದ ಅಲ್ಲಿ ಹೇಳಿದ್ದು ಬರಿಯ ಪ್ರಾಸಂಗಿಕ ಅಭಿಪ್ರಾಯ, ಕಟ್ಟುಪಾಡಲ್ಲವೆಂಬ ವಾದ ಹುಟ್ಟಿತು. ಇದಕ್ಕೆ ಕೊನೆ ಹಾಡಿದ್ದು ರಾಜಸ್ಥಾನದ ಬಿಚ್ಛಡಿ ಎಂಬ ಹಳ್ಳಿಯ ಮೊಕದ್ದಮೆ. ಉದಯಪುರದ ಬಳಿಯ ಆ ಹಳ್ಳಿಯಲ್ಲಿ ಬಣ್ಣದ ಕೈಗಾರಿಕೆಗೆ ಬೇಕಾದ ಎಚ್ ಆಮ್ಲವನ್ನು ತಯಾರಿಸುತ್ತಿದ್ದರು. ತಯಾರಿಕೆ ನಿಂತರೂ ಅದರ ವಿಷದ ಕಸರು ಸುಮಾರು 2,440 ಟನ್‌ಗಳಷ್ಟು ಬಯಲಿನಲ್ಲಿ ಬಿದ್ದಿತ್ತು. ಅದು ಮಳೆಯ ನೀರಿನೊಡನೆ ನೆಲಕ್ಕಿಳಿಯಿತು. ಬಾವಿಗಳ ನೀರು ಕೆಂಪುಗಟ್ಟಿ, ಮನುಷ್ಯರಿಗೂ ದನಕರುಗಳಿಗೂ ಹೊಲಗಳಿಗೂ ಬಾರದಾಯಿತು. 1996ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಜೀವನ್ ರೆಡ್ಡಿಯವರು, ದಿಲ್ಲಿಯ ನಿಯಮ ಕಟ್ಟುಪಾಡೇ ಹೌದೆಂದೂ, ಕೆಡಿಸಿದವನೇ ಶುದ್ಧಿ ಮಾಡುವ ವೆಚ್ಚವನ್ನು ತೆರಬೇಕೆಂದೂ ತೀರ್ಪಿತ್ತರು. ಮಾಡಿದ್ದುಣ್ಣೋ ಮಹರಾಯ ಎಂದು ನಮ್ಮವರು ಹೇಳುವುದೂ ಇದನ್ನೇ.

ಕಂಪನಿಗಳು ಸುಮ್ಮನೆ ಉಣ್ಣಲಿಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕಿ ಕಾಲ ತಳ್ಳಿದುವು. ಶುದ್ಧಿಗೆ ಬೇಕೆಂದು ಲೆಕ್ಕ ಕಟ್ಟಿದ್ದ 37.385 ಕೋಟಿ ರೂಪಾಯಿ ಕಟ್ಟದೆ ವರ್ಷಗಳು ಸಂದುವು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮೊತ್ತವನ್ನು 1997ರ ನವೆಂಬರಿನಿಂದ ನೂರಕ್ಕೆ 12ರಂತೆ ಚಕ್ರಬಡ್ಡಿ ಸೇರಿಸಿ ಕೊಡತಕ್ಕದ್ದೆಂದು ಆಜ್ಞಾಪಿಸಿತು. ಚಕ್ರಬಡ್ಡಿಯ ಬಲವೇನೆಂದು ಬ್ಯಾಂಕಿನವನು ಹೇಳಬೇಕಾಗಿಲ್ಲ, ಸಾಲ ಮಾಡಿದವರೆಲ್ಲರೂ ಬಲ್ಲರು. ಈ ದರದಲ್ಲಿ ಅಸಲು ಸುಮಾರು 6 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆಜ್ಞೆಯ ದಿನಕ್ಕೆ ನಾಲ್ಕು ಪಟ್ಟು ಮೀರಿತ್ತು. ನ್ಯಾಯವನ್ನು ತಡಮಾಡಿಸುವುದು ಲಾಭದ ವ್ಯಾಪಾರವಾಗಬಾರದೆಂಬುದೇ ಅದರ ಅಭಿಪ್ರಾಯ. ನನ್ನ ಮಟ್ಟಿಗೆ ಈ ಇತಿಹಾಸದಲ್ಲೆಲ್ಲ ನನಗೆ ಅತ್ಯಂತ ಮೆಚ್ಚಿಕೆಯಾದ ಆಜ್ಞೆ ಇದೇ.

ಇಷ್ಟೆಲ್ಲ ಆದ ಮೇಲೆಯೂ 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರಖಾನೆಯ ಟಾಂಕಿಯಿಂದ ಸ್ಟೈರೀನ್ ಎಂಬ ರಾಸಾಯನಿಕದ ಆವಿ ಹೊರಬಿದ್ದು 12 ಮಂದಿ ಸತ್ತರು. ಮಹಾಮಾರಿಯ ಕಾಲದಲ್ಲಿ ಕಾರಖಾನೆ ಮುಚ್ಚಿತ್ತು. ಆದರೆ ಟಾಂಕಿ ತುಂಬಿತ್ತು. ಭೋಪಾಳದಂತೆಯೇ ಇಲ್ಲಿಯೂ ತಣ್ಣಗಿರಬೇಕಾದ ದ್ರವ ಬಿಸಿಯೇರಿತು. ಯಂತ್ರ ನಿಂತರೂ ಉಗ್ರಾಣ ನಿದ್ರಿಸುವುದಿಲ್ಲ ಎಂಬ ಪಾಠವನ್ನು 36 ವರ್ಷಗಳಲ್ಲಿ ಕಲಿತಿರಲಿಲ್ಲ. ಒಂದು ವ್ಯತ್ಯಾಸ ಮಾತ್ರ ಉಂಟು. ಮರುದಿನವೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 50 ಕೋಟಿ ರೂಪಾಯಿ ಠೇವಣಿಯಿಡುವಂತೆ ಕಂಪನಿಗೆ ಆಜ್ಞಾಪಿಸಿತು. ಮುಂದಿನ ತಿಂಗಳ ಮೊದಲ ದಿನ, ಹಾನಿಗೆ ಕಂಪನಿಯೇ ಅಪವಾದವಿಲ್ಲದ ಹೊಣೆಯೆಂದು ಹೇಳಿತು. ಭೋಪಾಳದವರಿಗೆ ವರ್ಷಗಟ್ಟಲೆ ದೊರೆಯದ ಮಾತು ಇಲ್ಲಿ ಒಂದು ತಿಂಗಳೊಳಗೆ ದೊರೆಯಿತು. 1944ರ ದಯೆಯಿಂದ 2020ರ ನಿಯಮಕ್ಕೆ ನಾವು ನಡೆದು ಬಂದ ದೂರ ಇಷ್ಟು. ಸತ್ತವರು ಮಾತ್ರ ಎರಡು ಕಡೆಯೂ ಸತ್ತರು; ಪರಿಹಾರವು ಪ್ರಾಣಕ್ಕೆ ಸಮನಲ್ಲ ಎಂಬುದನ್ನು ಮರೆಯಲಾಗದು.

ಹಾಗಾದರೆ ನಮ್ಮಂಥ ಸಂಸಾರಿಗರು ಮಾಡಬಹುದಾದದ್ದೇನು? ಮೊದಲನೆಯದಾಗಿ, ತಿಳಿಯುವ ಹಕ್ಕು. 1989ರ ಅಪಾಯಕರ ರಾಸಾಯನಿಕಗಳ ನಿಯಮಗಳ ಪ್ರಕಾರ, ದೊಡ್ಡ ಅಪಘಾತ ಸಂಭವಿಸಬಹುದಾದ ಕಾರಖಾನೆ ಅಥವಾ ಉಗ್ರಾಣದವರು, ಅಪಾಯವೇನು, ಆಗ ಏನು ಮಾಡಬೇಕು ಎಂಬುದನ್ನು ಹೊರಗಿನ ನಿವಾಸಿಗಳಿಗೆ ತಿಳಿಸತಕ್ಕದ್ದು. ಕೇಳಿದರೆ ಅದು ಭಿಕ್ಷೆಯಲ್ಲ. ಎರಡನೆಯದಾಗಿ, ಕಾಲದ ಮಿತಿ. ಅಪಘಾತವಾದರೆ ಕಲೆಕ್ಟರಿಗೆ ಅರ್ಜಿ ಕೊಡಲು 5 ವರ್ಷ; ಹಸಿರು ನ್ಯಾಯಮಂಡಳಿಗೆ ಪರಿಹಾರ ಕೇಳಲೂ 5 ವರ್ಷ. ಆ ಮಂಡಳಿಯ ಪೀಠಗಳು ದಿಲ್ಲಿಯಲ್ಲದೆ ಪುಣೆ, ಚೆನ್ನೈ, ಭೋಪಾಳ, ಕೋಲ್ಕತ್ತಾಗಳಲ್ಲಿಯೂ ಉಂಟು. ಕಲೆಕ್ಟರಿಂದ ತತ್ಕಾಲದ ಪರಿಹಾರ ಪಡೆದರೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ. ಮೂರನೆಯದಾಗಿ, ಕಾಗದ. ಪರಊರಿನಲ್ಲಿ ಬಾಡಿಗೆಯ ಮನೆಯಲ್ಲಿರುವವನು ತಾನು ಅಲ್ಲಿದ್ದೆನೆಂದು ಸಾಧಿಸುವುದೇ ಮೊದಲ ಕಷ್ಟ. ಬಾಡಿಗೆಯ ಚೀಟಿ, ಪಡಿತರ ಚೀಟಿ, ಆಸ್ಪತ್ರೆಯ ಕಾಗದ, ಇವುಗಳ ಒಂದೊಂದು ಪ್ರತಿಯನ್ನು ಊರಿನ ಮನೆಯಲ್ಲಿಯೂ ಇಟ್ಟಿರುವುದು ಒಳ್ಳೆಯದು. ಕಾಗದವಿಲ್ಲದ ಖಾತೆಗೆ ಯಾವ ಬ್ಯಾಂಕೂ ಹಣ ಕೊಡದು. ನ್ಯಾಯಾಲಯವೂ ಹೆಚ್ಚುಕಡಮೆ ಹಾಗೆಯೇ.

ನಮ್ಮ ಸಂಘದಲ್ಲಿ ನಾಟಕಕ್ಕೆ ಸಮಿತಿಯಿದೆ, ಊಟಕ್ಕೆ ಸಮಿತಿಯಿದೆ, ವಧೂವರರ ಮಾಹಿತಿಗೂ ಸಮಿತಿಯಿದೆ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡುವ, ನಮ್ಮ ಬಡಾವಣೆಗಳ ಸುತ್ತ ಏನೇನು ಕೂಡಿಟ್ಟಿದ್ದಾರೆಂದು ವಿಚಾರಿಸುವ ನಾಲ್ಕು ಜನರ ಸಮಿತಿಯೊಂದು ಆದರೆ ಅದೂ ಕನ್ನಡದ ಕೆಲಸವೇ ಎಂದು ನಾನು ತಿಳಿದಿದ್ದೇನೆ. ಭುವನೇಶ್ವರಿಯ ಪೂಜೆ ಮಾಡುವ ನಾವು ಆಕೆಯ ಮಕ್ಕಳು ಯಾವ ಗೋಡೆಯ ಪಕ್ಕದಲ್ಲಿ ಮಲಗಿದ್ದಾರೆಂಬುದನ್ನೂ ಒಮ್ಮೆ ನೋಡಿ ಬರೋಣ.